ಸ್ಟೋರಿವೀವರ್ ಕನ್ನಡ ಪುಸ್ತಕಗಳು: ಮನೆಯಲ್ಲಿ ಓದು ಕಲಿಸುವವರಿಗಾಗಿ ಒಂದು ವಿಮರ್ಶೆ

ಮೂರರಿಂದ ಎಂಟು ವರ್ಷದ ಮಗುವಿಗೆ ಕನ್ನಡ ಓದಿನ ರುಚಿ ಹತ್ತಿಸಬೇಕೆಂದು ದಾವಣಗೆರೆಯ ಮಂಡಿಪೇಟೆ ಕಡೆ ಸ್ಟೇಷನರಿ ಅಂಗಡಿಗಳನ್ನು ಸುತ್ತಿದರೆ ಸಿಗುವ ಸಾಮಾನೆಲ್ಲ ಹೆಚ್ಚೂಕಡಿಮೆ ಅಕ್ಷರದ್ದೇ. ಗೋಡೆಗೆ ತೂಗುಹಾಕುವ ವರ್ಣಮಾಲೆ ಚಾರ್ಟು, ಡಬ್ಬಿಯಲ್ಲಿ ಬರುವ ಚಿತ್ರದ ಕಾರ್ಡು, ಗುಂಡಿ ಒತ್ತಿದರೆ ಅ ಆ ಇ ಈ ಹೇಳುವ ಬೋರ್ಡು, ಚುಕ್ಕಿ ಮೇಲೆ ತಿದ್ದುವ ಕಾಪಿ ಪುಸ್ತಕ. ಕತೆ ಪುಸ್ತಕ ಕೇಳಿದರೆ ಮೊದಲು ಇಂಗ್ಲಿಷಿನವು ಬರುತ್ತವೆ. ಕನ್ನಡದ್ದು ಸಿಕ್ಕರೂ ಪುಟಕ್ಕೆ ಇಪ್ಪತ್ತು ಸಾಲು, ಮೂಲೆಯಲ್ಲೊಂದು ಚಿತ್ರ. ನಾಲ್ಕು ವರ್ಷದ ಮಗುವಿನ ಮುಂದೆ ಬಿಚ್ಚಿಡುವಂಥದ್ದಲ್ಲ.

ಈ ಕೊರತೆಯನ್ನು ತುಂಬುವಂಥದ್ದು ಫೋನಿನಲ್ಲೇ ಇದೆ, ಅದಕ್ಕೆ ದುಡ್ಡೂ ಇಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಲಾಭದ ಉದ್ದೇಶವಿಲ್ಲದ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್, 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಕನ್ನಡವೂ ಸೇರಿ ಹಲವು ಭಾಷೆಗಳ ಮಕ್ಕಳ ಚಿತ್ರಪುಸ್ತಕಗಳನ್ನು ಅಲ್ಲಿ ಪುಕ್ಕಟೆಯಾಗಿ ಓದಬಹುದು, ಇಳಿಸಿಕೊಳ್ಳಬಹುದು. ಮುಕ್ತ ಪರವಾನಗಿ ಇರುವುದರಿಂದ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರಿರುವ ಪುಟವನ್ನು ಹಾಗೇ ಉಳಿಸಿಕೊಂಡು ಪ್ರಿಂಟ್ ಹಾಕಿಸಿ ಹಂಚಿದರೂ ತಪ್ಪಿಲ್ಲ. ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಜೆರಾಕ್ಸ್ ಮಾಡಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು. ಮಗುವಿನ ಪದಸಂಪತ್ತು ಬೆಳೆಸಲು ಇವತ್ತು ಕನ್ನಡದಲ್ಲಿ ಸಿಗುವ ಸಾಮಾನುಗಳಲ್ಲಿ ಇದಕ್ಕೇ ಮೊದಲ ಜಾಗ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಫೋನನ್ನು ಮಗುವಿನ ಕೈಗೆ ಕೊಟ್ಟು ಕೂರಿಸಿದರೆ ಇದರಿಂದ ಆಗುವ ಪ್ರಯೋಜನ ಬಹಳ ಕಡಿಮೆ. ಪುಸ್ತಕ ಆರಿಸುವುದರಲ್ಲಿ, ಕಾಗದಕ್ಕೆ ಇಳಿಸುವುದರಲ್ಲಿ, ಓದಿ ಹೇಳುವುದರಲ್ಲಿ ತಿಳಿದಿರಬೇಕಾದ ಸಂಗತಿಗಳಿವೆ.

ಹಂತದ ಗುರುತು ಮತ್ತು ಅದರ ತೊಂದರೆ

ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಒಂದನೇ ಹಂತ ಆಗ ತಾನೇ ಓದಲು ಶುರು ಮಾಡುವವರಿಗೆ. ಎರಡನೆಯದು ಪರಿಚಯದ ಪದ ಗುರುತಿಸಿ, ಹೊಸ ಪದವನ್ನು ಯಾರಾದರೂ ಕೈಹಿಡಿದರೆ ಓದುವವರಿಗೆ. ಮೂರನೆಯದು ತಾವೇ ಓದಿಕೊಳ್ಳುವವರಿಗೆ, ನಾಲ್ಕನೆಯದು ಸರಾಗವಾಗಿ ಓದುವವರಿಗೆ. ಭಾಷೆ ಕನ್ನಡ, ಹಂತ ಒಂದು ಎಂದು ಆರಿಸಿದರೆ ಪಟ್ಟಿ ಬರುತ್ತದೆ.

ವಿಂಗಡಣೆ ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಪದಗಳ ಸಂಖ್ಯೆ ಮತ್ತು ಕತೆಯ ಸರಳತೆ ನೋಡಿ ಮಾಡಿದ್ದು. ಕನ್ನಡದ ಕಷ್ಟ ಇರುವುದು ಬೇರೆ ಕಡೆ. ಅನುವಾದದಲ್ಲಿ ಎರಡು ಮೂರು ಸಣ್ಣ ಪದ ಕೂಡಿ ಕನ್ನಡದಲ್ಲಿ ಒಂದೇ ಪದವಾಗಿಬಿಡುತ್ತವೆ. ‘ಕುಳಿತುಕೊಂಡಿದ್ದಾನೆ’ ಎಣಿಕೆಗೆ ಒಂದೇ ಪದ, ಆದರೆ ಮಗು ದಾಟಬೇಕಾದ ಅಕ್ಷರ ಏಳು. ‘ಪ್ರಯತ್ನಿಸುತ್ತಾನೆ’ ಎಂಬುದರಲ್ಲಿ ಆರು ಅಕ್ಷರ, ಆ ಆರರಲ್ಲಿ ಮೂರಕ್ಕೆ ಒತ್ತು. ಇಂಥ ಎರಡು ಪದ ಒಂದೇ ಸಾಲಿಗೆ ಬಂದರೆ ಒಂದನೇ ಹಂತ ಎಂಬ ಗುರುತಿಗೆ ಅರ್ಥ ಉಳಿಯುವುದಿಲ್ಲ.

ಹಾಗಾಗಿ ಹಂತದ ಜತೆಗೆ ನೀವೂ ಒಂದು ಪರೀಕ್ಷೆ ಮಾಡಿ. ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟ ತೆಗೆದು ಒತ್ತಕ್ಷರ ಎಣಿಸಿ. ಮಗು ತಾನೇ ಓದಬೇಕಾದ ಪುಸ್ತಕವಾದರೆ ಪುಟಕ್ಕೆ ನಾಲ್ಕು ದಾಟಬಾರದು. ನೀವು ಓದಿ ಹೇಳುವ ಪುಸ್ತಕಕ್ಕೆ ಈ ಲೆಕ್ಕ ಬೇಡ. ಅದಕ್ಕೆ ಬೇರೆ ಪರೀಕ್ಷೆ: ಅದೇ ಪುಟವನ್ನು ಗಟ್ಟಿಯಾಗಿ ಒಂದು ಸಲ ಓದಿ. ನಿಮ್ಮ ನಾಲಿಗೆಯೇ ತಡವರಿಸಿದರೆ, ಪ್ರತಿ ಸಾಲಿಗೂ ‘ಮತ್ತು’ ಬರುತ್ತಿದ್ದರೆ, ‘ಅವನಿಂದ ಮಾಡಲ್ಪಟ್ಟಿತು’ ಎನ್ನುವ ಧಾಟಿ ಕಂಡರೆ ಆ ಪುಸ್ತಕ ಬಿಟ್ಟು ಮುಂದೆ ಹೋಗಿ. ಈ ತಾಣದಲ್ಲಿ ಯಾರು ಬೇಕಾದರೂ ಅನುವಾದ ಮಾಡಿ ಪ್ರಕಟಿಸಬಹುದು. ಅದೇ ಅದರ ದೊಡ್ಡತನ, ಮಟ್ಟ ಏರುಪೇರಾಗುವುದಕ್ಕೂ ಅದೇ ಕಾರಣ. ಕೊನೆಯ ಪುಟದಲ್ಲಿ ಲೇಖಕರು, ಅನುವಾದಕರು, ಪ್ರಕಾಶಕರು ಯಾರೆಂದು ಬರೆದಿರುತ್ತದೆ. ಪ್ರಕಾಶನ ಸಂಸ್ಥೆ ತಿದ್ದಿ ಹೊರತಂದ ಪುಸ್ತಕಗಳಿಂದ ಶುರು ಮಾಡುವುದು ಕ್ಷೇಮ.

ಕಾಗದಕ್ಕೆ ಇಳಿಸುವ ಬಗೆ

ಪರದೆಯ ಮೇಲೆ ಮಗುವಿನ ಬೆರಳು ಅಕ್ಷರದ ಕೆಳಗೆ ಸರಿದರೆ ಪುಟವೇ ಮಗುಚುತ್ತದೆ. ಓದಲು ಕಲಿಯುವಾಗ ಬೆರಳಿಟ್ಟು ಓದುವುದು ಬೇಕೇ ಬೇಕು, ಹಾಗಾಗಿ ಕಾಗದವೇ ಸರಿ. ಫೋನಿನಲ್ಲಿ ಪುಸ್ತಕ ಆರಿಸಿ, ಪಿಡಿಎಫ್ ಇಳಿಸಿಕೊಂಡು, ವಿದ್ಯಾನಗರ ಅಥವಾ ಪಿ.ಜೆ. ಬಡಾವಣೆ ಕಡೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವುದು ಅರ್ಧ ಗಂಟೆಯ ಕೆಲಸ. ಚಿತ್ರದುರ್ಗದಲ್ಲೂ ಕಾಲೇಜುಗಳ ಆಸುಪಾಸಿನ ಅಂಗಡಿಗಳಲ್ಲಿ ಆಗುತ್ತದೆ. ಕೆಡುವುದು ಎಲ್ಲಿ ಎಂದರೆ:

ಪಿಡಿಎಫ್ ಅನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಸ್ಕ್ರೀನ್‌ಶಾಟ್ ತೆಗೆದು ಫೋಟೋ ಮಾಡಿ ಕಳಿಸಿದರೆ ಕುಗ್ಗಿಹೋಗಿ, ಪ್ರಿಂಟಿನಲ್ಲಿ ಒತ್ತಕ್ಷರವೆಲ್ಲ ಕಲೆಸಿದ ಹಾಗಾಗುತ್ತದೆ. ಕಡಿಮೆ ಮತ್ತು ಹೆಚ್ಚು ರೆಸಲ್ಯೂಷನ್ ಎರಡೂ ಇದ್ದರೆ ಪ್ರಿಂಟಿಗೆ ಹೆಚ್ಚಿನದು. ಕಪ್ಪು ಬಿಳುಪಿನಲ್ಲಿ ಹಾಕಿಸುವುದಾದರೆ ಗೆರೆಚಿತ್ರದ ಪುಸ್ತಕ ಆರಿಸಿ. ಗಾಢ ಬಣ್ಣ ತುಂಬಿದ ಚಿತ್ರದ ಮೇಲೆ ಅಚ್ಚಾದ ಅಕ್ಷರ ಕಪ್ಪಿನಲ್ಲಿ ಕಪ್ಪಾಗಿ ಮುಳುಗುತ್ತದೆ. ಟೋನರ್ (ಪ್ರಿಂಟರಿನ ಪುಡಿಶಾಯಿ) ತೆಳುವಾಗಿದ್ದರೆ ಮೊದಲು ಮಾಯವಾಗುವುದು ರ ಒತ್ತು ಮತ್ತು ಯ ಒತ್ತು. ಒಂದು ಪುಟ ಮಾತ್ರ ಹಾಕಿಸಿ, ‘ಪ್ರ’, ‘ಕ್ಯ’ ಇರುವ ಕಡೆ ಕಣ್ಣಿಟ್ಟು ನೋಡಿ, ಆಮೇಲೆ ಉಳಿದದ್ದು.

ಪುಟ ಉದ್ದುದ್ದ ಇದ್ದರೆ ಎ4 ಹಾಳೆಯಲ್ಲಿ ಬುಕ್‌ಲೆಟ್ ಆಗಿ ಹಾಕಿಸಬಹುದು. ಒಂದು ಹಾಳೆಗೆ ನಾಲ್ಕು ಪುಟ, 16 ಪುಟದ ಪುಸ್ತಕಕ್ಕೆ ನಾಲ್ಕು ಹಾಳೆ. ಎರಡೂ ಬದಿ ಹಾಕುವಾಗ ಗಿಡ್ಡ ಅಂಚಿನ ಕಡೆ ತಿರುಗಿಸುವ ಆಯ್ಕೆ ಕೊಡದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಹಾಳೆ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. 14 ಪುಟ ಇದ್ದರೆ ಕೊನೆಗೆ ಎರಡು ಖಾಲಿ ಪುಟ ಉಳಿಯುತ್ತವೆ, ಅವು ಕೆಲಸಕ್ಕೆ ಬರುತ್ತವೆ, ಮುಂದೆ ಹೇಳುತ್ತೇವೆ. ಪುಟ ಅಡ್ಡಡ್ಡ ಇದ್ದರೆ ಬುಕ್‌ಲೆಟ್ ಬೇಡ, ಅಕ್ಷರ ಸಣ್ಣದಾಗುತ್ತದೆ. ಹಾಳೆಗೆ ಎರಡು ಪುಟ, ಒಂದರ ಕೆಳಗೊಂದು ಹಾಕಿಸಿ, ನಡುವೆ ಕತ್ತರಿಸಿ, ಎಡಗಡೆ ಹೊಲಿಯಿರಿ. ಹೊಲಿಯಲು ದಬ್ಬಣದಲ್ಲಿ ಮೂರು ತೂತು, ದಪ್ಪ ದಾರ. ಸ್ಟೇಪ್ಲರ್ ಪಿನ್ನು ಎರಡು ವಾರಕ್ಕೆ ಬಿಟ್ಟುಕೊಂಡು ಮಗುವಿನ ಬೆರಳಿಗೆ ಚುಚ್ಚುತ್ತದೆ. ಮಾಮೂಲಿ 75 ಜಿಎಸ್‌ಎಂ (ಹಾಳೆಯ ತೂಕದ ಅಳತೆ) ಹಾಳೆಯಲ್ಲಿ ಕಲರ್ ಪ್ರಿಂಟ್ ಹಿಂಬದಿಗೆ ಕಾಣಿಸುತ್ತದೆ. 100 ಜಿಎಸ್‌ಎಂ ಕೇಳಿ.

ಇನ್ನೊಂದು ಮಾತು. ಪದಗಳ ಚೀಟಿಯನ್ನು ನೀವೇ ಟೈಪ್ ಮಾಡುವುದಾದರೆ ವರ್ಡ್ ಫೈಲ್ ಕೊಡಬೇಡಿ. ನಿಮ್ಮಲ್ಲಿ ಒಂದು ಫಾಂಟು, ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ‘ನುಡಿ’ ತಂತ್ರಾಂಶ ಇದ್ದು, ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಬರಬಹುದು. ಪಿಡಿಎಫ್ ಮಾಡಿಯೇ ಕೊಡಿ.

ಒಂದು ಪುಸ್ತಕ, ಒಂದು ವಾರ

ಇಪ್ಪತ್ತು ಪುಸ್ತಕ ಇಳಿಸಿಕೊಂಡು ದಿನಕ್ಕೊಂದು ಮುಗಿಸುವುದು ಎಲ್ಲರೂ ಮಾಡುವ ತಪ್ಪು. ಹೊಸ ಪದ ಮಗುವಿನ ಬಾಯಿಗೆ ಬರಬೇಕಾದರೆ ಅದೇ ಪದ ಅದೇ ಕತೆಯಲ್ಲಿ ಹತ್ತಾರು ಸಲ ಕಿವಿಗೆ ಬೀಳಬೇಕು. ಮಕ್ಕಳು ‘ಮತ್ತೆ ಅದೇ ಕತೆ ಹೇಳು’ ಎಂದು ಗಂಟು ಬೀಳುವುದು ಇದಕ್ಕೇ. ದಿನಕ್ಕೆ ಹದಿನೈದು ನಿಮಿಷ, ವಾರವಿಡೀ ಒಂದೇ ಪುಸ್ತಕ, ಇಷ್ಟು ಸಾಕು.

ಮೊದಲ ದಿನ ನಿಲ್ಲಿಸದೆ ಪೂರ್ತಿ ಓದಿ ಹೇಳಿ. ಪ್ರಶ್ನೆ ಬೇಡ, ಪಾಠ ಬೇಡ. ಎರಡನೇ ದಿನ ಮೂರೇ ಮೂರು ಪದ ಆರಿಸಿಕೊಳ್ಳಿ. ಆರಿಸುವಾಗ ಹೆಸರುಪದಕ್ಕೇ ಅಂಟಿಕೊಳ್ಳಬೇಡಿ. ಅಂಗಡಿಯ ಕಾರ್ಡುಗಳ ದೊಡ್ಡ ಕೊರತೆಯೇ ಇದು: ಆನೆ, ಇಲಿ, ಏಣಿ, ಒಂಟೆ, ಬರೀ ವಸ್ತುಗಳು. ಮಗುವಿನ ಮಾತು ಬೆಳೆಯುವುದು ‘ಇಣುಕು’, ‘ಮುದುರಿಕೋ’, ‘ಜಾರು’, ‘ತೊಟ್ಟಿಕ್ಕು’ ಇಂಥ ಕ್ರಿಯಾಪದಗಳಿಂದ. ‘ಒರಟು’, ‘ನುಣುಪು’, ‘ಇಕ್ಕಟ್ಟು’ ಇಂಥ ಗುಣ ಹೇಳುವ ಪದಗಳಿಂದ. ‘ಗುಳುಗುಳು’, ‘ಥಳಥಳ’, ‘ಪಟಪಟ’ ಎನ್ನುವ ಜೋಡಿಪದಗಳಿಂದ. ಆರಿಸಿದ ಪದವನ್ನು ಆ ದಿನ ಮನೆಯಲ್ಲಿ ಬಳಸಿ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತದೆ, ಮಿರ್ಚಿ ಬಜ್ಜಿಯಿಂದ ಎಣ್ಣೆ ತೊಟ್ಟಿಕ್ಕುತ್ತದೆ. ದುರ್ಗದ ಕೋಟೆ ನೋಡಿದ ಮಗುವಿಗೆ ‘ಇಕ್ಕಟ್ಟು’ ಎಂದರೆ ಏನೆಂದು ವಿವರಿಸುವುದೇ ಬೇಡ, ಓಬವ್ವನ ಕಿಂಡಿ ನೆನಪಿಸಿದರೆ ಆಯಿತು.

ಮೂರನೇ ದಿನದಿಂದ ಮಾತುಕತೆ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜತೆಗಾರರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯ ಓದಿಗೆ ಬುನಾದಿ. ಎರಡು ಮೂರು ವರ್ಷದ ಮಕ್ಕಳ ತಂದೆತಾಯಂದಿರಿಗೆ, ಪುಸ್ತಕ ಓದುವಾಗ ಬಿಡಿಸಿ ಹೇಳಬೇಕಾದ ಪ್ರಶ್ನೆ ಕೇಳುವುದನ್ನೂ ಮಗು ಹೇಳಿದ್ದನ್ನು ಇನ್ನಷ್ಟು ಬೆಳೆಸಿ ಹೇಳುವುದನ್ನೂ ಕಲಿಸಿದರು. ಒಂದು ತಿಂಗಳಲ್ಲಿ ಆ ಮಕ್ಕಳು, ಮಾಮೂಲಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಿದ್ದರು. ಕನ್ನಡದಲ್ಲಿ ಅದು ಹೀಗಿರುತ್ತದೆ. ಚಿತ್ರದಲ್ಲಿ ನಾಯಿ ಓಡುತ್ತಿದೆ ಅಂದುಕೊಳ್ಳಿ.

‘ಇಲ್ಲೇನಾಗ್ತಾ ಐತೆ?’
‘ನಾಯಿ ಓಡ್ತಾ ಐತೆ.’
‘ಹೌದು, ಕರಿ ನಾಯಿ ಬಾಲ ಮುದುರ್ಕೊಂಡು ಓಡ್ತಾ ಐತೆ. ಯಾಕೆ ಬಾಲ ಮುದುರ್ಕೊಂಡೈತೆ?’
‘ಹೆದರ್ಕೊಂಡೈತೆ ಅವ್ವಾ.’
‘ಯಾರ್ನ ನೋಡಿ ಹೆದರ್ಕೊಂಡಿರಬೋದು?’

ಮಗುವಿನ ಮೂರು ಪದಕ್ಕೆ ಅವ್ವ ಇನ್ನು ಮೂರು ಸೇರಿಸಿದಳು, ಜಾಸ್ತಿ ಅಲ್ಲ. ‘ಇದೇನು? ಇದೇನು?’ ಎಂದು ಬೆರಳು ತೋರಿಸುತ್ತ ಹೋದರೆ ಮಗು ಒಂದೊಂದೇ ಪದ ಉದುರಿಸಿ ಸುಮ್ಮನಾಗುತ್ತದೆ, ಪರೀಕ್ಷೆ ಎಂದು ಅದಕ್ಕೂ ಗೊತ್ತಾಗಿಬಿಡುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ನಾವು ದೊಡ್ಡವರು ಒಂದು ಎಣಿಸುವಷ್ಟರಲ್ಲಿ ಉತ್ತರ ನಾವೇ ಹೇಳಿಬಿಡುತ್ತೇವೆ.

ಐದನೇ ದಿನ ಸಾಲಿನ ಕೊನೆಯ ಪದ ಬಿಟ್ಟು ಓದಿ, ಮಗು ತುಂಬಲಿ. ಆರನೇ ದಿನ ಪುಸ್ತಕ ಮಗುವಿನ ತೊಡೆಯ ಮೇಲೆ, ಕತೆ ಅದು ಹೇಳಬೇಕು. ಏಳನೇ ದಿನ ಕೊನೆಯ ಖಾಲಿ ಪುಟದಲ್ಲಿ ಆ ವಾರದ ಮೂರು ಪದ ಬರೆದು, ಪಕ್ಕದಲ್ಲಿ ಮಗು ಚಿತ್ರ ಬಿಡಿಸಲಿ.

ಕನ್ನಡ ಓದಲು ಬಾರದ ಅವ್ವ, ಅಜ್ಜಿ ಇರುವ ಮನೆಗಳಲ್ಲೂ ಇದು ನಡೆಯುತ್ತದೆ. ನಮ್ಮೂರಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಆಡುವ ಮನೆಗಳಿಗೇನು ಕಡಿಮೆ? ಚಿತ್ರ ನೋಡಿ ಮನೆಮಾತಿನಲ್ಲೇ ಮಾತಾಡಲಿ. ಮನೆಮಾತಿನಲ್ಲಿ ಗಟ್ಟಿಯಾದ ಅರ್ಥಕ್ಕೆ ಕನ್ನಡದ ಪದ ಅಂಟಿಕೊಳ್ಳುವುದು ಸುಲಭ. ಅರ್ಥವೇ ಇಲ್ಲದ ಕನ್ನಡ ಪದ ಬಾಯಿಪಾಠವಾಗಿ ಉಳಿಯುತ್ತದೆ.

ಪುಸ್ತಕದ ಕನ್ನಡ, ಮನೆಯ ಕನ್ನಡ

ಪುಸ್ತಕದಲ್ಲಿ ‘ಬೆಕ್ಕು ಮರದ ಮೇಲೆ ಇದೆ’ ಎಂದಿದ್ದರೆ ನಮ್ಮ ಮಗು ‘ಬೆಕ್ಕು ಮರದ ಮ್ಯಾಲೆ ಐತೆ’ ಎಂದು ಓದುತ್ತದೆ. ತಪ್ಪು ಎಂದು ಅಲ್ಲೇ ತಡೆಯಬೇಡಿ. ಸಾಲಿನ ಅರ್ಥ ತಲೆಗೆ ಹೋಗಿ, ಅಲ್ಲಿಂದ ತನ್ನ ಮಾತಿನಲ್ಲಿ ಹೊರಬಂದಿದೆ. ಅಕ್ಷರ ಕೂಡಿಸಿ ‘ಇ-ದೆ’ ಎಂದು ಸರಿಯಾಗಿ ಹೇಳಿ ಅರ್ಥವೇ ಗೊತ್ತಿಲ್ಲದ ಮಗುವಿಗಿಂತ ಈ ಮಗು ಓದುವುದರಲ್ಲಿ ಮುಂದಿದೆ. ಪುಟ ಮುಗಿದ ಮೇಲೆ ಆ ಪದಕ್ಕೆ ಬೆರಳಿಟ್ಟು, ‘ನಾವು ಐತೆ ಅಂತೀವಿ, ಪುಸ್ತಕದಾಗೆ ಇದೆ ಅಂತ ಬರೀತಾರೆ, ನೋಡು ಇ, ದೆ’ ಎಂದರೆ ಮುಗಿಯಿತು. ಎರಡೂ ಕನ್ನಡವೇ ಎಂದು ಮಗುವಿಗೆ ಗೊತ್ತಾಗಬೇಕು. ತಾನಾಡುವುದು ಕೆಟ್ಟ ಭಾಷೆ ಎಂದು ಒಮ್ಮೆ ಅನಿಸಿದರೆ ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸುತ್ತದೆ.

ಪದಗಳೂ ಹಾಗೇ. ಪುಸ್ತಕದಲ್ಲಿ ಕಡಲೆಪುರಿ ಬಂದರೆ ಮಂಡಕ್ಕಿ ಎಂದು ಹೇಳಿ, ಎರಡೂ ಹೆಸರು ಇರಲಿ. ಒಂದು ವಸ್ತುವಿಗೆ ಎರಡು ಹೆಸರು ಎಂದರೆ ಮಕ್ಕಳಿಗೆ ಗೊಂದಲ ಎಂಬುದು ದೊಡ್ಡವರ ಭಯ.

ಅಕ್ಷರಕ್ಕೆ ಈ ಪುಸ್ತಕ ಸಾಲದು

ಸ್ಟೋರಿವೀವರ್ ಅಕ್ಷರ ಕಲಿಸುವ ಕ್ರಮವನ್ನು ಹಂತಹಂತವಾಗಿ ಕೈಹಿಡಿದು ನಡೆಸುವುದಿಲ್ಲ, ಅದರ ಕೆಲಸ ಕತೆ. ಅಕ್ಷರಕ್ಕೆ ಬೇರೆ ದಾರಿ ಬೇಕು, ಅದಕ್ಕೂ ಅಂಗಡಿಯ ಚಾರ್ಟು ಒಳ್ಳೆಯ ದಾರಿಯಲ್ಲ. ಚಾರ್ಟಿನ 49 ಅಕ್ಷರ ಅ ದಿಂದ ಳ ವರೆಗೆ ಸಾಲಾಗಿ ನಡೆಯುತ್ತವೆ. ಋ, ಙ, ಞ ಇವು ಮಗು ಓದುವ ಕತೆಯಲ್ಲಿ ಅಪರೂಪ, ಆದರೂ ದಿನವಹಿ ಬಳಕೆಯ ಮ, ನ, ರ, ಸ ಗಳಿಗಿಂತ ಮೊದಲೇ ಬಂದು ಕೂರುತ್ತವೆ. ಸರ್ಕಾರಿ ಶಾಲೆಗಳ ‘ನಲಿಕಲಿ’ ಕಲಿಕಾ ಪದ್ಧತಿಯಲ್ಲಿ ಕ್ರಮ ಬೇರೆ: ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ, ಸರಸರ ಎಲ್ಲ ಓದಿಯಾಯಿತು. ಆಮೇಲೆ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ವನ, ಬಸವ, ಅವಸರ. ಹತ್ತು ಅಕ್ಷರ ಕಲಿತ ಮಗು ಪದ ಓದುತ್ತದೆ. ಚಾರ್ಟಿನ ಮೊದಲ ಹತ್ತು ಅಕ್ಷರ ಕಲಿತ ಮಗು ಬರೀ ಸ್ವರ ಹೇಳುತ್ತದೆ. ಮಗು ಖಾಸಗಿ ಶಾಲೆಗೆ ಹೋಗುತ್ತಿದ್ದರೂ ಮನೆಯಲ್ಲಿ ಈ ಕ್ರಮ ಹಿಡಿಯುವುದಕ್ಕೆ ಅಡ್ಡಿಯಿಲ್ಲ.

ಹಳೆಯ ಲಗ್ನಪತ್ರಿಕೆಯ ಹಿಂಬದಿ ಕತ್ತರಿಸಿ ಎರಡು ಅಂಗುಲದ ಚೀಟಿ ಮಾಡಿ ಒಂದೊಂದು ಅಕ್ಷರ ದಪ್ಪವಾಗಿ ಬರೆದುಕೊಂಡರೆ ಕಾರ್ಡಿನ ಡಬ್ಬಿಯೇ ಬೇಡ. ಒಂದು ಎಚ್ಚರಿಕೆ: ಪ, ಷ, ವ, ಮ ಒಂದೇ ದಿನ ಬೇಡ, ನ ಮತ್ತು ಸ ಒಟ್ಟಿಗೆ ಬೇಡ, ಬ ಗಟ್ಟಿಯಾದ ಮೇಲಷ್ಟೇ ಭ. ಗುಂಡಿ ಒತ್ತುವ ಬೋರ್ಡು ಕೊಳ್ಳುವ ಮುನ್ನ ಅಂಗಡಿಯಲ್ಲೇ ಲ ಮತ್ತು ಳ, ದ ಮತ್ತು ಧ, ಶ ಮತ್ತು ಷ ಒತ್ತಿ ಕೇಳಿ. ಎರಡಕ್ಕೂ ಒಂದೇ ದನಿ ಬಂದರೆ ಇಟ್ಟು ಬನ್ನಿ.

ಒತ್ತಕ್ಷರಕ್ಕೆ ಅವಸರ ಬೇಡ. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುವಂತೆ ಇಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿವರೆಗೂ ಬೆಳೆಯುತ್ತಲೇ ಇರುತ್ತದೆ. 34 ವ್ಯಂಜನಕ್ಕೆ ಕಾಗುಣಿತ ಸೇರಿದರೆ ನಾನೂರರ ಮೇಲೆ ರೂಪಗಳು, ಅದರ ಮೇಲೆ ಒತ್ತು. ‘ಕ್ಕ’, ‘ಪ್ಪ’, ‘ಡ್ಡ’ ಗಳಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ಅಕ್ಕ, ಅಪ್ಪ, ದಡ್ಡ ಮೊದಲಾಗಲಿ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಮೂಲ ರೂಪದ ಹೋಲಿಕೆಯೇ ಇಲ್ಲ, ಅವನ್ನು ಹೊಸ ಗುರುತೆಂದೇ ಕಲಿಸಬೇಕು. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ‘ಸೂರ್ಯ’ ಎಂದು ಬರೆಯುವಾಗ ಯ ಮೊದಲು ಕಾಣುತ್ತದೆ, ನುಡಿಯುವಾಗ ರ ಮೊದಲು ಬರುತ್ತದೆ, ಹಾಗಾಗಿ ಮಗು ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದಿದರೆ ಅದು ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಓದಿದೆ.

ಉದ್ದದ ಪದ ಬಂದಾಗ ಮಗು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆ. ಒಂದು ರಟ್ಟಿನ ತುಂಡಿನಿಂದ ಪದ ಮುಚ್ಚಿ, ತುಸುತುಸುವೇ ಸರಿಸಿ: ಕುಳಿತು, ಕೊಂಡಿ, ದ್ದಾನೆ. ಮೂರು ತುಂಡು ಓದಿದ ಮೇಲೆ ಒಮ್ಮೆ ಇಡಿಯಾಗಿ. ಇಡೀ ಪದ ಹೇಳಿಸದೆ ಮುಂದಕ್ಕೆ ಹೋದರೆ ತುಂಡುಗಳಷ್ಟೇ ಉಳಿಯುತ್ತವೆ, ಅರ್ಥ ಕಟ್ಟಿಕೊಳ್ಳುವುದಿಲ್ಲ.

ಯಾರಿಗೆ ಸರಿ, ಎಲ್ಲಿ ಕೈಕೊಡುತ್ತದೆ

ಜಗಳೂರು, ಹೊಸದುರ್ಗ ಕಡೆಯ ಹಳ್ಳಿಗಳಲ್ಲಿ ಕಲರ್ ಪ್ರಿಂಟಿಗೆ ಪಟ್ಟಣಕ್ಕೇ ಬರಬೇಕು ಎಂಬುದು ನಿಜವಾದ ಅಡಚಣೆ. ಅಂಥವರು ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ನೋಡಿ, ಈಗ ಅದರ ಹೆಸರು ಅರಿವು ಕೇಂದ್ರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಅಲ್ಲಿನ ಪುಸ್ತಕಕ್ಕೂ ಇದೇ ಒತ್ತಕ್ಷರದ ಎಣಿಕೆ, ಇದೇ ವಾರದ ಕ್ರಮ ಸರಿಹೊಂದುತ್ತದೆ.

ಸ್ಟೋರಿವೀವರ್ ಕತೆಗಳು ಬೇರೆ ಬೇರೆ ಕಡೆಗಳಿಂದ ಬರುವುದರಿಂದ ನಮ್ಮ ಮೆಕ್ಕೆಜೋಳದ ಹೊಲ, ಭದ್ರಾ ನಾಲೆ, ಕೋಟೆಯ ಕಲ್ಲು, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಅದರಲ್ಲಿ ಹುಡುಕಿಕೊಂಡು ಕೂರುವಂತಿಲ್ಲ. ಆ ಜಾಗ ನೀವೇ ತುಂಬಬಹುದು. ಭಾನುವಾರ ಕುಂದವಾಡ ಕೆರೆ ಸುತ್ತಿ ಬಂದ ಮೇಲೆ ಮಗು ಹೇಳಿದ ನಾಲ್ಕು ಸಾಲನ್ನು ಅದರ ಮಾತಿನಲ್ಲೇ ನಾಲ್ಕು ಪುಟಕ್ಕೆ ದೊಡ್ಡದಾಗಿ ಬರೆದು, ಚಿತ್ರ ಅದರಿಂದಲೇ ಬಿಡಿಸಿ ಹೊಲಿದುಬಿಡಿ. ಮಗು ಎಲ್ಲಕ್ಕಿಂತ ಬೇಗ ಓದುವ ಪುಸ್ತಕ ಇದೇ, ಏಕೆಂದರೆ ಪ್ರತಿ ಪದದ ಅರ್ಥ ಅದಕ್ಕೆ ಮೊದಲೇ ಗೊತ್ತು.

ಶುರುವಿಗೆ ಎಂಟು ಪುಸ್ತಕ ಸಾಕು: ಒಂದನೇ ಹಂತದವು ಐದು, ನೀವು ಓದಿ ಹೇಳಲು ಎರಡನೇ ಹಂತದವು ಮೂರು. ಎರಡು ತಿಂಗಳಿಗೆ ಅಷ್ಟೇ. ಮುಗಿದ ಪುಸ್ತಕವನ್ನು ಎತ್ತಿಡದೆ ಮಗುವಿನ ಕೈಗೆ ಎಟುಕುವ ಕೆಳಗಿನ ಗೂಡಿನಲ್ಲಿ ಮುಖಪುಟ ಕಾಣುವಂತೆ ನಿಲ್ಲಿಸಿ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿದರೆ ಓದು ಬಾರದ ಮಗುವಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.